ಶಾಲಾ ಫುಟ್‌ಬಾಲ್ ತಂಡವನ್ನು ಯುರೋಪಿನ ಬೇಸಿಗೆ ಟೂರ್ನಿಗೆ ಕರೆದೊಯ್ಯುವುದು ಹೇಗೆ? ಗೋಥಿಯಾ ಕಪ್‌ಗೆ ಸಮಗ್ರ ಮಾರ್ಗದರ್ಶಿ

ಜುಲೈ ನಡುವಿನ ಒಂದು ವಾರ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಶಾಲೆಗಳಲ್ಲಿ ಮೇಜು ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ನೆಲದ ಮೇಲೆ ಹಾಸಿಗೆ ಬಿಡಿಸುತ್ತಾರೆ. ಒಂದು ತರಗತಿಯಲ್ಲಿ ಒಂದು ದೇಶದ ಹುಡುಗರು, ಪಕ್ಕದ ತರಗತಿಯಲ್ಲಿ ಇನ್ನೊಂದು ದೇಶದ ಹುಡುಗಿಯರು. ಕಾರಿಡಾರಿನ ಉದ್ದಕ್ಕೂ ಕೆಸರು ಮೆತ್ತಿದ ಬೂಟುಗಳ ಸಾಲು. ಇದು ಗೋಥಿಯಾ ಕಪ್. 1975ರಲ್ಲಿ ಆರಂಭವಾದ ಈ ಟೂರ್ನಿಯನ್ನು ಬಿಕೆ ಹೆಕೆನ್ ಎಂಬ ಸ್ಥಳೀಯ ಕ್ಲಬ್ ನಡೆಸುತ್ತದೆ. ಪ್ರತಿ ವರ್ಷ ಸಾವಿರದ ಐನೂರಕ್ಕೂ ಹೆಚ್ಚು ತಂಡಗಳು ಬರುತ್ತವೆ. ಮಕ್ಕಳ ಫುಟ್‌ಬಾಲ್‌ನಲ್ಲಿ ಜಗತ್ತಿನ ಅತಿ ದೊಡ್ಡ ಕೂಟಗಳಲ್ಲಿ ಇದೊಂದು. ಆಂದ್ರೆಯಾ ಪಿರ್ಲೊ, ಶಾಬಿ ಅಲೊನ್ಸೊ, ಅಲನ್ ಶಿಯರರ್ ಬಾಲಕರಾಗಿದ್ದಾಗ ಇಲ್ಲಿ ಆಡಿದ್ದರು.

ಅಲ್ಲಿಗೆ ತಂಡ ಕಟ್ಟಿಕೊಂಡು ಹೋಗಬೇಕೆಂದಿರುವ ದೈಹಿಕ ಶಿಕ್ಷಕರು, ಕ್ಲಬ್ ಕೋಚ್‌ಗಳು ಮತ್ತು ಪೋಷಕರಿಗಾಗಿ ಈ ಬರಹ. ಆಟದ ತಯಾರಿಗಿಂತ ಕಾಗದಪತ್ರಗಳ ತಯಾರಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ. ಚೆನ್ನಾಗಿ ಆಡುವ ಮಗು ಪ್ರಯಾಣ ತಪ್ಪಿಸಿಕೊಳ್ಳುವುದು ಮೈದಾನದಲ್ಲಿ ಸೋತು ಅಲ್ಲ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರಿಂದ, ಇಲ್ಲವೇ ಒಂದು ಸಹಿ ಸಮಯಕ್ಕೆ ಸಿಗದಿದ್ದರಿಂದ.

ಪೋಷಕರಿಗೆ ಮೊದಲ ದಿನವೇ ಹೇಳಬೇಕಾದ ಮಾತು

ಗೋಥಿಯಾ ಕಪ್‌ಗೆ ಯಾರನ್ನೂ "ಭಾರತ ತಂಡಕ್ಕೆ" ಆಯ್ಕೆ ಮಾಡುವುದಿಲ್ಲ. ಕ್ಲಬ್ ಅಥವಾ ಶಾಲೆ ನೋಂದಣಿ ಶುಲ್ಕ ಕಟ್ಟಿ, ವಯಸ್ಸಿನ ನಿಯಮ ಪಾಲಿಸಿ, ತನ್ನ ಹೆಸರಿನಲ್ಲೇ ಆಡುತ್ತದೆ. ಇದರಿಂದ ಟೂರ್ನಿಯ ತೂಕ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೆ ಇದೇ ವಿಷಯವನ್ನು ಮುಚ್ಚಿಟ್ಟು, "ನಿಮ್ಮ ಮಗ ದೇಶವನ್ನು ಪ್ರತಿನಿಧಿಸಲು ಆಯ್ಕೆಯಾಗಿದ್ದಾನೆ" ಎಂದು ಪತ್ರ ಕಳುಹಿಸಿ ಲಕ್ಷಗಟ್ಟಲೆ ಹಣ ಕೇಳುವ ಮಧ್ಯವರ್ತಿಗಳಿದ್ದಾರೆ. ಸಾಲ ಮಾಡಿ, ಒಡವೆ ಅಡವಿಟ್ಟು ಹಣ ಕೊಟ್ಟ ಮನೆಗಳಿವೆ. ನೀವು ತಂಡ ಕಟ್ಟುವವರಾದರೆ ಮೊದಲ ಪೋಷಕರ ಸಭೆಯಲ್ಲೇ ಟೂರ್ನಿಯ ಸ್ವರೂಪ, ಒಟ್ಟು ಖರ್ಚು, ಹಣ ವಾಪಸಾಗುವ ಮತ್ತು ಆಗದ ಬಾಬ್ತುಗಳನ್ನು ಬರೆದು ಕೊಡಿ. ನೀವು ಪೋಷಕರಾದರೆ ಆ ಬರಹವನ್ನು ಕೇಳಿ ಪಡೆಯಿರಿ. ಜೆರ್ಸಿಯ ಮೇಲೆ ಶಾಲೆಯ ಹೆಸರೇ ಇರಲಿ. ಪತ್ರಿಕೆಗೆ ಸುದ್ದಿ ಕೊಡುವಾಗಲೂ ಅದನ್ನೇ ಹೇಳಿ.

ಯಾವ ಟೂರ್ನಿ?

ಉತ್ತರ ಯುರೋಪಿನಲ್ಲಿ ಮೂರು ದೊಡ್ಡ ಟೂರ್ನಿಗಳು ಸಾಮಾನ್ಯವಾಗಿ ಒಂದರ ಬೆನ್ನಿಗೆ ಒಂದು ಬರುತ್ತವೆ. ಜುಲೈ ಮಧ್ಯದಲ್ಲಿ ಗೋಥಿಯಾ ಕಪ್. ಮರುವಾರ ಡೆನ್ಮಾರ್ಕಿನ ಯೋರಿಂಗ್ ಪಟ್ಟಣದಲ್ಲಿ 1982ರಿಂದ ನಡೆಯುತ್ತಿರುವ ಡಾನಾ ಕಪ್. ಜುಲೈ ಕೊನೆ, ಆಗಸ್ಟ್ ಮೊದಲಿಗೆ ಓಸ್ಲೋದ ಎಕೆಬರ್ಗ್ ಬಯಲಿನಲ್ಲಿ 1972ರಿಂದ ನಡೆಯುವ ನಾರ್ವೆ ಕಪ್. ಗೋಥೆನ್‌ಬರ್ಗ್‌ನಿಂದ ಡೆನ್ಮಾರ್ಕಿನ ಫ್ರೆಡರಿಕ್ಸ್‌ಹಾವ್ನ್‌ಗೆ ಹಡಗಿನಲ್ಲಿ ಮೂರೂವರೆ ಗಂಟೆಯ ದಾರಿ, ಅಲ್ಲಿಂದ ಯೋರಿಂಗ್ ಹತ್ತಿರವೇ. ಹಾಗಾಗಿ ದೂರದಿಂದ ಬರುವ ಹಲವು ತಂಡಗಳು ಗೋಥಿಯಾ ಮುಗಿಸಿ ಡಾನಾ ಕಪ್‌ಗೆ ಹೋಗುತ್ತವೆ. ವಿಮಾನದ ಖರ್ಚು ಒಂದೇ, ಪಂದ್ಯಗಳು ಎರಡು ಪಟ್ಟು. ಆದರೂ ಮೊದಲ ಸಲ ಹೋಗುವವರಿಗೆ ಒಂದೇ ಟೂರ್ನಿ ಸಾಕು ಎಂಬುದು ನನ್ನ ಅಭಿಪ್ರಾಯ. ಎರಡನೆಯ ವಾರಕ್ಕೆ ಮಕ್ಕಳ ಕಾಲು ದಣಿದಿರುತ್ತದೆ, ಮನೆಯ ನೆನಪೂ ಜೋರಾಗಿರುತ್ತದೆ.

ಸ್ಪೇನ್ ಇಷ್ಟವಾದರೆ ಸಾನ್ ಸೆಬಾಸ್ಟಿಯನ್‌ನಲ್ಲಿ ಜುಲೈನಲ್ಲೇ ನಡೆಯುವ ಡೊನೊಸ್ತಿ ಕಪ್ ಇದೆ. ಮುಂದಿನ ವಿವರಗಳಲ್ಲಿ ಗೋಥಿಯಾವನ್ನೇ ಹಿಡಿದು ಹೇಳುತ್ತೇನೆ. ಪಾಸ್‌ಪೋರ್ಟ್, ವೀಸಾ, ರಜೆಯ ಮಾತು ಉಳಿದವುಗಳಿಗೂ ಅನ್ವಯಿಸುತ್ತದೆ.

ನಮ್ಮ ಬೇಸಿಗೆ ರಜೆ ಬೇರೆ, ಅವರದು ಬೇರೆ

ಎಲ್ಲ ಲೆಕ್ಕಾಚಾರವನ್ನೂ ತಲೆಕೆಳಗು ಮಾಡುವ ಸಂಗತಿ ಇದು. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್, ಮೇ. ಯುರೋಪಿನಲ್ಲಿ ಶಾಲೆಗಳು ಖಾಲಿಯಾಗುವುದು ಜುಲೈನಲ್ಲಿ, ಅದಕ್ಕೇ ಅಲ್ಲಿ ಸಾವಿರಾರು ಮಕ್ಕಳನ್ನು ತರಗತಿಗಳಲ್ಲಿ ಮಲಗಿಸಲು ಸಾಧ್ಯವಾಗುತ್ತದೆ. ಆ ಹೊತ್ತಿಗೆ ನಮ್ಮಲ್ಲಿ ಹೊಸ ವರ್ಷದ ಪಾಠ ಶುರುವಾಗಿ ಮೊದಲ ಕಿರುಪರೀಕ್ಷೆ ಹತ್ತಿರ ಬಂದಿರುತ್ತದೆ. ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಮಕ್ಕಳ ಪೋಷಕರು ನವೆಂಬರ್‌ನಲ್ಲಿ ಹೂಂ ಎಂದವರು ಜೂನ್‌ನಲ್ಲಿ ಬೇಡ ಎನ್ನುತ್ತಾರೆ. ಅವರನ್ನು ದೂರಬೇಡಿ, ಅದು ಸಹಜ. ಪ್ರಯಾಣದ ವರ್ಷ ಎಂಟನೇ, ಒಂಬತ್ತನೇ ತರಗತಿ ಅಥವಾ ಪ್ರಥಮ ಪಿಯುಸಿಯಲ್ಲಿರುವ ಮಕ್ಕಳನ್ನೇ ತಂಡದ ತಿರುಳಾಗಿ ಇಟ್ಟುಕೊಳ್ಳಿ.

ಮುಖ್ಯೋಪಾಧ್ಯಾಯರಿಂದ ಲಿಖಿತ ರಜೆ ಮಂಜೂರಾತಿ ಬೇಕು. ಅದರಲ್ಲಿ ಮಗು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ರಜೆಯಲ್ಲಿರುತ್ತದೆ, ಯಾವತ್ತು ಮತ್ತೆ ತರಗತಿಗೆ ಹಾಜರಾಗಬೇಕು ಎಂಬುದು ಸ್ಪಷ್ಟವಾಗಿರಲಿ. ವೀಸಾ ಅಧಿಕಾರಿ ಹುಡುಕುವುದೂ ಅದನ್ನೇ: ಈ ಮಗು ಮರಳಿ ಬರುತ್ತದೆಯೇ? ಶಾಲೆಯ ಮೊಹರು, ಮರುಹಾಜರಾತಿಯ ದಿನಾಂಕ ಇರುವ ಪತ್ರ ಅದಕ್ಕೆ ಒಳ್ಳೆಯ ಉತ್ತರ.

ವಯಸ್ಸಿನ ಗುಂಪು: ತರಗತಿ ನೋಡಬೇಡಿ, ಹುಟ್ಟಿದ ವರ್ಷ ನೋಡಿ

ಹನ್ನೊಂದರಿಂದ ಹತ್ತೊಂಬತ್ತು ವರ್ಷದವರೆಗೆ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಗುಂಪುಗಳಿವೆ. ಗುಂಪು ತೀರ್ಮಾನವಾಗುವುದು ಜನವರಿ 1ರ ಲೆಕ್ಕದಲ್ಲಿ. ಟೂರ್ನಿ ನಡೆಯುವ ವರ್ಷದಿಂದ ಗುಂಪಿನ ಸಂಖ್ಯೆಯನ್ನು ಕಳೆಯಿರಿ. ಆ ವರ್ಷದ ಜನವರಿ 1ರಂದು ಅಥವಾ ನಂತರ ಹುಟ್ಟಿದವರು ಅರ್ಹರು. 2026ರಲ್ಲಿ ಹದಿನೈದರ ಗುಂಪಿಗೆ 2011 ಮತ್ತು ಅನಂತರ ಹುಟ್ಟಿದವರು. ನಮ್ಮ ಶಾಲಾ ಪ್ರವೇಶದ ಲೆಕ್ಕ ಜೂನ್‌ಗೆ ಕಟ್ಟಿಕೊಂಡಿರುವುದರಿಂದ ಒಂದೇ ತರಗತಿಯಲ್ಲಿ ಎರಡು ವರ್ಷಗಳಲ್ಲಿ ಹುಟ್ಟಿದವರು ಇರುತ್ತಾರೆ. 2010ರ ನವೆಂಬರ್‌ನಲ್ಲಿ ಹುಟ್ಟಿದ ನಿಮ್ಮ ಗೋಲ್‌ಕೀಪರ್ ಈ ತಂಡದಿಂದ ಹೊರಗೆ. ಇದು ತಂಡ ಕಟ್ಟುವ ದಿನವೇ ಗೊತ್ತಾಗಲಿ, ವಿಮಾನದ ಟಿಕೆಟ್ ತೆಗೆದ ಮೇಲೆ ಅಲ್ಲ.

ವಯಸ್ಸು ತಿದ್ದಿದ ದಾಖಲೆ ತರುವವರಿದ್ದರೆ ನಯವಾಗಿ, ಆದರೆ ಖಂಡಿತವಾಗಿ ನಿರಾಕರಿಸಿ. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ, ಪಾಸ್‌ಪೋರ್ಟ್ ನಾಲ್ಕೂ ವೀಸಾ ಹೊತ್ತಿಗೆ ಒಂದರ ಪಕ್ಕ ಒಂದು ಕೂರುತ್ತವೆ. ಒಬ್ಬನ ಸುಳ್ಳು ಇಡೀ ತಂಡದ ಅರ್ಜಿಗಳ ಮೇಲೆ ಅನುಮಾನ ತರುತ್ತದೆ.

ಪಾಸ್‌ಪೋರ್ಟ್: ಹಿಂದಿನ ವರ್ಷದ ಸೆಪ್ಟೆಂಬರ್‌ನಲ್ಲೇ ಶುರು

ಸಂಭಾವ್ಯ ಆಟಗಾರರ ಪಟ್ಟಿಯನ್ನು ತಂಡದ ಗಾತ್ರಕ್ಕಿಂತ ನಾಲ್ಕೈದು ಹೆಸರು ಹೆಚ್ಚಾಗಿ ಮಾಡಿ, ಎಲ್ಲರಿಂದಲೂ ಪಾಸ್‌ಪೋರ್ಟ್ ಮಾಡಿಸಲು ಹೇಳಿ. ಹದಿನೆಂಟರೊಳಗಿನವರಿಗೆ 36 ಪುಟದ ಸಾಮಾನ್ಯ ಪಾಸ್‌ಪೋರ್ಟ್‌ಗೆ ಸರ್ಕಾರಿ ಶುಲ್ಕ 1,000 ರೂಪಾಯಿ. ತಂದೆತಾಯಿ ಇಬ್ಬರ ಒಪ್ಪಿಗೆಗೆ ಅನುಬಂಧ "ಡಿ" ನಮೂನೆ ಬೇಕು. ಒಬ್ಬರ ಸಹಿ ಮಾತ್ರ ಸಿಗುವ ಸಂದರ್ಭಕ್ಕೆ "ಸಿ" ನಮೂನೆ. ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆ ಮತ್ತು ಮಾರತ್‌ಹಳ್ಳಿಯಲ್ಲಿ ಸೇವಾ ಕೇಂದ್ರಗಳಿವೆ. ಜಿಲ್ಲೆಗಳಲ್ಲಿ ಹಲವು ಅಂಚೆ ಕಚೇರಿಗಳಲ್ಲೂ ಈ ಸೇವೆ ಸಿಗುತ್ತದೆ. ತಂದೆತಾಯಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೂ ಮಗುವಿಗೆ ಮಾಡಿಸಬಹುದು, ಆದರೆ ಪೊಲೀಸ್ ಪರಿಶೀಲನೆಗೆ ಸಮಯ ಹಿಡಿಯುತ್ತದೆ.

ನಿಜವಾದ ತೊಡಕು ಹೆಸರಿನದು. ನಮ್ಮವರು ಮನೆಹೆಸರಿಗಿಂತ ಇನಿಷಿಯಲ್‌ಗಳನ್ನೇ ಹೆಚ್ಚು ಬಳಸುತ್ತಾರೆ. ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಜನನ ಪ್ರಮಾಣಪತ್ರದಲ್ಲಿ ಬರೀ "ಮಂಜುನಾಥ", ಶಾಲಾ ದಾಖಲೆಯಲ್ಲಿ "ಮಂಜುನಾಥ ಎಚ್.ಕೆ.", ಆಧಾರ್‌ನಲ್ಲಿ "ಮಂಜುನಾಥ್ ಹನುಮಂತಪ್ಪ". ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಯ "ಎ" ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್‌ಗಳನ್ನು ಬಿಡಿಸಿ ಪೂರ್ತಿ ಬರೆಯಬೇಕು. ಯಾವುದನ್ನು ಬಿಡಿಸುವುದು, ಹೇಗೆ ಬರೆಯುವುದು ಎಂಬುದನ್ನು ಮನೆಯವರು ಮೊದಲೇ ತೀರ್ಮಾನಿಸಿ, ಆಧಾರ್ ತಿದ್ದಿಸಿ, ಆಮೇಲೆ ಪಾಸ್‌ಪೋರ್ಟ್ ಅರ್ಜಿ ಹಾಕಲಿ. ಮನೆಹೆಸರಿನ ಜಾಗವನ್ನು ಖಾಲಿ ಬಿಟ್ಟರೆ ವಿಮಾನ ಟಿಕೆಟ್ ಕಾದಿರಿಸುವಾಗ ಹೊಸ ತಲೆನೋವು, ಏಕೆಂದರೆ ಟಿಕೆಟ್ ವ್ಯವಸ್ಥೆ ಎರಡೂ ಜಾಗಗಳನ್ನು ಕೇಳುತ್ತದೆ. ಆದಷ್ಟು ಮಟ್ಟಿಗೆ ಎರಡೂ ತುಂಬಿರಲಿ.

ಜನನ ಪ್ರಮಾಣಪತ್ರವೇ ಇಲ್ಲದ ಮಕ್ಕಳಿಗೆ ಇನ್ನೂ ಮುಂಚೆ ಕೆಲಸ ಶುರು ಮಾಡಬೇಕು. ರಾಂಚಿಯ ಬಳಿಯ ಹಳ್ಳಿಗಳ ಹುಡುಗಿಯರ "ಯುವಾ" ತಂಡ 2013ರಲ್ಲಿ ಸ್ಪೇನ್‌ಗೆ ಹೋಗಿ ಡೊನೊಸ್ತಿ ಕಪ್‌ನಲ್ಲಿ ಆಡಿತು. ವಿಟೋರಿಯಾ ನಗರದ ಗಾಸ್ಟೈಸ್ ಕಪ್‌ನಲ್ಲಿ ಮೂರನೇ ಸ್ಥಾನ ಗಳಿಸಿತು. ಪಾಸ್‌ಪೋರ್ಟ್‌ಗೆ ಬೇಕಾದ ಜನನ ಪ್ರಮಾಣಪತ್ರ ಕೇಳಲು ಪಂಚಾಯತಿಗೆ ಹೋದಾಗ ತಮ್ಮನ್ನು ಅವಮಾನಿಸಿದರು ಎಂದು ಆ ಹುಡುಗಿಯರೇ ಹೇಳಿದ್ದರು. ಮೈದಾನದಲ್ಲಿ ಯಾರಿಗೂ ಬಗ್ಗದ ಮಕ್ಕಳು ಕಚೇರಿಯ ಕಿಟಕಿಯ ಮುಂದೆ ಒಂಟಿಯಾಗಿ ನಿಲ್ಲುವಂತಾಗಬಾರದು. ಅಂಥ ಮನೆಯ ಮಗು ನಿಮ್ಮ ತಂಡದಲ್ಲಿದ್ದರೆ ನೀವೇ ಜೊತೆಗೆ ಹೋಗಿ. ಕರ್ನಾಟಕದಲ್ಲಿ ನೋಂದಣಿಯಾದ ಜನನಗಳ ಪ್ರಮಾಣಪತ್ರವನ್ನು ಇ-ಜನ್ಮ ತಂತ್ರಾಂಶದ ಮೂಲಕ ಪಡೆಯಬಹುದು. ನೋಂದಣಿಯೇ ಆಗಿಲ್ಲದಿದ್ದರೆ ತಡ ನೋಂದಣಿಯ ದಾರಿ ಹಿಡಿಯಬೇಕು, ಅದಕ್ಕೆ ತಿಂಗಳುಗಳೇ ಬೇಕಾಗುತ್ತವೆ.

ನೋಂದಣಿ, ಅನುಮತಿ, ಆಹ್ವಾನ ಪತ್ರ

ಟೂರ್ನಿಯ ಅಧಿಕೃತ ಜಾಲತಾಣದಲ್ಲಿ ತಂಡ ನೋಂದಾಯಿಸಿ ಶುಲ್ಕ ಕಟ್ಟಿದ ಮೇಲೆ ವೀಸಾಕ್ಕೆ ಬೇಕಾದ ಆಹ್ವಾನ ಪತ್ರವನ್ನು ಆಯೋಜಕರು ಕೊಡುತ್ತಾರೆ. ಅದರಲ್ಲಿ ಪ್ರತಿ ಮಗುವಿನ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಇರುವಂತೆ ಕೇಳಿ. ವಸತಿಯನ್ನೂ ಅವರ ಮೂಲಕವೇ ಕಾದಿರಿಸಿ: ಶಾಲೆಯ ತರಗತಿ, ಹಾಸ್ಟೆಲ್, ಹೋಟೆಲ್ ಎಂಬ ದರ್ಜೆಗಳಿರುತ್ತವೆ. ಹಣವಿದ್ದರೂ ತರಗತಿಯನ್ನೇ ಆರಿಸಿ ಎನ್ನುತ್ತೇನೆ. ಹಲ್ಲುಜ್ಜುವಾಗ, ಊಟದ ಸಾಲಿನಲ್ಲಿ ನಿಂತಾಗ ಬೇರೆ ದೇಶದ ಮಕ್ಕಳ ಪರಿಚಯವಾಗುವುದು ಅಲ್ಲಿಯೇ.

ಫಿಫಾ ನಿಯಮದಂತೆ ಬೇರೆ ದೇಶದ ತಂಡಗಳೊಂದಿಗೆ ಆಡಲು ಫುಟ್‌ಬಾಲ್ ಸಂಸ್ಥೆಗಳ ಅನುಮತಿ ಬೇಕಾಗುತ್ತದೆ. ಕ್ಲಬ್ ಆಗಿದ್ದರೆ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮೂಲಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ಗೆ ಪತ್ರ ಬರೆಯಿರಿ. ಶಾಲಾ ತಂಡವಾದರೂ ಬರೆದು ಉತ್ತರ ಪಡೆದಿಟ್ಟುಕೊಂಡರೆ ವೀಸಾ ಕಡತಕ್ಕೆ ಬಲ ಬರುತ್ತದೆ.

ವೀಸಾ

ಸ್ವೀಡನ್ ಷೆಂಗೆನ್ ಒಕ್ಕೂಟದಲ್ಲಿದೆ; ಒಂದೇ ವೀಸಾದಲ್ಲಿ ಡೆನ್ಮಾರ್ಕ್, ನಾರ್ವೆ, ಜರ್ಮನಿಗೂ ಹೋಗಬಹುದು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಏಪ್ರಿಲ್‌ನಿಂದ ಜೂನ್‌ವರೆಗೆ ಯುರೋಪಿಗೆ ಹೊರಟ ಎಲ್ಲರೂ ಅದೇ ಕಿಟಕಿಗೆ ಮುಗಿಬೀಳುವುದರಿಂದ ಇಪ್ಪತ್ತು ಜನರಿಗೆ ಒಂದೇ ದಿನ ಸಮಯ ಸಿಗುವುದು ಕಷ್ಟ. ಮಾರ್ಚ್ ಕೊನೆಯೊಳಗೆ ಕಡತ ಸಿದ್ಧವಾಗಿರಲಿ.

ಶುಲ್ಕ 2024ರ ಜೂನ್ 11ರಿಂದ 90 ಯೂರೊ. ಆರರಿಂದ ಹನ್ನೆರಡು ವರ್ಷದೊಳಗಿನವರಿಗೆ 45 ಯೂರೊ. ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಗ್ಲೋಬಲ್ ಕೇಂದ್ರದ ಸೇವಾ ಶುಲ್ಕ ಬೇರೆ. ಹಲವರಿಗೆ ತಿಳಿಯದ ಒಂದು ವಿನಾಯಿತಿಯಿದೆ. ಲಾಭರಹಿತ ಸಂಸ್ಥೆಗಳು ನಡೆಸುವ ಕ್ರೀಡಾಕೂಟಕ್ಕೆ ಲಾಭರಹಿತ ಸಂಸ್ಥೆಯ ಪ್ರತಿನಿಧಿಗಳಾಗಿ ಹೋಗುವ 25 ವರ್ಷ ಮತ್ತು ಅದರೊಳಗಿನವರಿಗೆ ಷೆಂಗೆನ್ ವೀಸಾ ಸಂಹಿತೆ ಶುಲ್ಕ ಮನ್ನಾ ಮಾಡುತ್ತದೆ. ನಿಮ್ಮ ಶಾಲೆ ಅಥವಾ ಕ್ಲಬ್ ಟ್ರಸ್ಟ್ ಇಲ್ಲವೇ ಸೊಸೈಟಿಯಾಗಿ ನೋಂದಣಿಯಾಗಿದ್ದರೆ ನೋಂದಣಿ ಪತ್ರ, ಆಯೋಜಕರ ಪತ್ರ ಎರಡನ್ನೂ ಲಗತ್ತಿಸಿ ಮೊದಲೇ ಬರೆದು ಕೇಳಿ. ಹದಿನೆಂಟು ಮಕ್ಕಳ ತಂಡಕ್ಕೆ ಉಳಿಯುವ ಹಣ ಸಣ್ಣದಲ್ಲ.

ಪ್ರತಿ ಮಗುವಿನ ಕಡತದಲ್ಲಿ ಇರಬೇಕಾದವು:

- ಪ್ರಯಾಣ ಮುಗಿದು ಕನಿಷ್ಠ ಮೂರು ತಿಂಗಳು ಊರ್ಜಿತವಿರುವ, ಎರಡು ಖಾಲಿ ಪುಟಗಳಿರುವ ಪಾಸ್‌ಪೋರ್ಟ್
- ತಂದೆತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ, ಇಬ್ಬರ ಗುರುತಿನ ದಾಖಲೆ, ಮಗುವಿನ ಜನನ ಪ್ರಮಾಣಪತ್ರ
- ಶಾಲೆಯ ವ್ಯಾಸಂಗ ಪ್ರಮಾಣಪತ್ರ ಮತ್ತು ರಜೆ ಮಂಜೂರಾತಿ
- ಟೂರ್ನಿಯ ಆಹ್ವಾನ, ವಸತಿ ಮತ್ತು ವಿಮಾನ ಕಾಯ್ದಿರಿಸುವಿಕೆಯ ಪ್ರತಿ
- ಖರ್ಚು ಭರಿಸುವವರ ಬ್ಯಾಂಕ್ ವಿವರ, ಆದಾಯ ತೆರಿಗೆ ದಾಖಲೆ. ಪ್ರಾಯೋಜಕರಿದ್ದರೆ ಅವರ ಪತ್ರ
- ಕನಿಷ್ಠ 30,000 ಯೂರೊ ರಕ್ಷಣೆಯ ಪ್ರಯಾಣ ವೈದ್ಯಕೀಯ ವಿಮೆ. ಕ್ರೀಡೆಯಲ್ಲಾದ ಗಾಯಕ್ಕೂ ಅನ್ವಯಿಸುತ್ತದೆಯೇ ಎಂದು ವಿಮೆಯ ಷರತ್ತುಗಳನ್ನು ಓದಿ ನೋಡಿ. ಅಗ್ಗದ ಪಾಲಿಸಿಗಳಲ್ಲಿ ಅದನ್ನೇ ಕೈಬಿಟ್ಟಿರುತ್ತಾರೆ

ತಂದೆ ಅಥವಾ ತಾಯಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ವಿಚ್ಛೇದನವಾಗಿದ್ದರೆ ನ್ಯಾಯಾಲಯದ ಪಾಲನೆಯ ಆದೇಶ ಬೇಕು. ಬಿಟ್ಟುಹೋದ ತಂದೆಯ ಸಹಿಗಾಗಿ ಅಲೆಯುವ ತಾಯಂದಿರಿರುತ್ತಾರೆ. ಆ ಮಾತನ್ನು ಎಲ್ಲರೆದುರು ಕೇಳಬೇಡಿ. ಒಬ್ಬರೇ ಇರುವಾಗ ಕೇಳಿ, ವಕೀಲರ ಸಹಾಯ ಕೊಡಿಸಿ. ಹನ್ನೆರಡರೊಳಗಿನವರಿಗೆ ಬೆರಳಚ್ಚು ಇಲ್ಲ, ಉಳಿದವರು ಕೇಂದ್ರಕ್ಕೆ ಖುದ್ದಾಗಿ ಹೋಗಬೇಕು.

ಟಿಕೆಟ್

ಹತ್ತು ಅಥವಾ ಹೆಚ್ಚು ಜನರಿದ್ದರೆ ವಿಮಾನ ಸಂಸ್ಥೆಗಳು ಗುಂಪು ಕಾಯ್ದಿರಿಸುವಿಕೆ ಎಂದು ಪರಿಗಣಿಸುತ್ತವೆ. ಅದರಲ್ಲಿ ಮುಂಗಡ ಕೊಟ್ಟು ಸೀಟು ಹಿಡಿದಿಟ್ಟು, ಹೆಸರುಗಳನ್ನು ಆಮೇಲೆ ಕೊಡುವ ಅವಕಾಶವಿರುತ್ತದೆ. ಗಾಯ, ಪರೀಕ್ಷೆ, ವೀಸಾ ನಿರಾಕರಣೆಯಿಂದ ಹೆಸರು ಬದಲಾಗುವ ಇಂಥ ಪ್ರಯಾಣಕ್ಕೆ ಇದೇ ಸರಿ. ಬೆಂಗಳೂರಿನಿಂದ ಗೋಥೆನ್‌ಬರ್ಗ್‌ನ ಲ್ಯಾಂಡ್‌ವೆಟರ್ ನಿಲ್ದಾಣಕ್ಕೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್, ಪ್ಯಾರಿಸ್ ಅಥವಾ ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋದರೆ ಷೆಂಗೆನ್ ವಲಸೆ ತಪಾಸಣೆ ಅಲ್ಲಿಯೇ ನಡೆಯುತ್ತದೆ. 2025ರ ಅಕ್ಟೋಬರ್ 12ರಂದು ಹೊಸ ಪ್ರವೇಶ ನಿರ್ಗಮನ ವ್ಯವಸ್ಥೆ ಶುರುವಾಗಿದ್ದು, ಗಡಿಯಲ್ಲಿ ಫೋಟೊ ತೆಗೆದು, ಬೆರಳಚ್ಚು ಪರಿಶೀಲಿಸುವ ಕೆಲಸವೂ ಸೇರಿಕೊಂಡಿದೆ. ಇಪ್ಪತ್ತು ಜನ ಈ ಸಾಲು ದಾಟಲು ಒಂದೂವರೆ ಗಂಟೆಯ ಬಿಡುವು ಸಾಲದು. ಮೂರು ಗಂಟೆಗಿಂತ ಕಡಿಮೆ ಅಂತರವಿರುವ ಟಿಕೆಟ್ ತೆಗೆಯಬೇಡಿ. ಲಂಡನ್ ಮೂಲಕ ಅಗ್ಗವೆಂದು ಕಂಡರೂ ಬ್ರಿಟನ್ ಷೆಂಗೆನ್‌ನಲ್ಲಿಲ್ಲ, ಅಲ್ಲಿನ ವೀಸಾ ನಿಯಮಗಳೇ ಬೇರೆ. ಟೂರ್ನಿಗೆ ಎರಡು ದಿನ ಮೊದಲೇ ತಲುಪಿದರೆ ಮಕ್ಕಳ ನಿದ್ದೆ ಹಳಿಗೆ ಬರುತ್ತದೆ.

ಹಣ, ಮತ್ತು ಯಾರು ಹೋಗಬೇಕು ಎಂಬ ಪ್ರಶ್ನೆ

ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ವಿಮಾನದ್ದು, ನಂತರ ವಸತಿ ಊಟ ಸೇರಿದ ಟೂರ್ನಿಯ ಶುಲ್ಕ. ಖರ್ಚು ಕಟ್ಟಬಲ್ಲವರ ಮಕ್ಕಳಿಂದಲೇ ತಂಡ ತುಂಬಿಸುವುದು ಸುಲಭದ ದಾರಿ. ಅದನ್ನು ಹಿಡಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಬಡಾವಣೆಗಳು ದೇಶಕ್ಕೆ ಫುಟ್‌ಬಾಲ್ ಆಟಗಾರರನ್ನು ಕೊಟ್ಟದ್ದು ಹಣದ ಬಲದಿಂದಲ್ಲ. ಮೊದಲು ಆಟ ನೋಡಿ ತಂಡ ಆರಿಸಿ, ಆಮೇಲೆ ಹಣದ ಕೊರತೆಯನ್ನು ತಂಡದ್ದೆಂದು ತಿಳಿದು ತುಂಬಿಸಿ: ಹಳೆಯ ವಿದ್ಯಾರ್ಥಿಗಳು, ರೋಟರಿ, ಊರಿನ ಸಹಕಾರಿ ಬ್ಯಾಂಕ್, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ. ಗೋಥೆನ್‌ಬರ್ಗ್ ಮೂಲದ ಎಸ್‌ಕೆಎಫ್ ಬೇರಿಂಗ್ ಕಂಪನಿ ಗೋಥಿಯಾ ಕಪ್‌ನ ಹಳೆಯ ಜೊತೆಗಾರ. "ಮೀಟ್ ದಿ ವರ್ಲ್ಡ್" ಹೆಸರಿನಲ್ಲಿ ಬೇರೆ ಬೇರೆ ದೇಶಗಳಲ್ಲಿ ಅರ್ಹತಾ ಪಂದ್ಯ ನಡೆಸಿ ಗೆದ್ದ ತಂಡಗಳನ್ನು ಅದು ಕರೆಸಿಕೊಳ್ಳುತ್ತದೆ. ಬೆಂಗಳೂರಿನಲ್ಲೂ ಅದರ ಕಾರ್ಖಾನೆಯಿದೆ. ಕೇಳಿ ನೋಡುವುದರಲ್ಲಿ ನಷ್ಟವಿಲ್ಲ. ವೋಲ್ವೊ ಕೂಡ ಅದೇ ಊರಿನದು, ಹೊಸಕೋಟೆಯಲ್ಲಿ ಅದರ ಕಾರ್ಖಾನೆ ಇದೆ.

ಪ್ರವಾಸ ಸಂಸ್ಥೆಯ ಮೂಲಕ ಪ್ಯಾಕೇಜ್ ಕೊಂಡರೆ ಟಿಸಿಎಸ್, ಅಂದರೆ ಮಾರುವವರೇ ಮೂಲದಲ್ಲಿ ವಸೂಲಿ ಮಾಡುವ ಆದಾಯ ತೆರಿಗೆ, ಕಡಿತವಾಗುತ್ತದೆ. ರಸೀದಿ ಯಾರ ಪ್ಯಾನ್ ಸಂಖ್ಯೆಯ ಮೇಲೆ ಬರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಸ್ವೀಡನ್ನಿನಲ್ಲಿ ನೋಟು ಬಹುತೇಕ ಚಲಾವಣೆಯಲ್ಲೇ ಇಲ್ಲ ಎನ್ನುವಷ್ಟು ಕಾರ್ಡ್ ಬಳಕೆ. ಮಕ್ಕಳ ಕೈಖರ್ಚಿಗೆ ವಿದೇಶಿ ಹಣ ತುಂಬಿಸಿದ ಫಾರೆಕ್ಸ್ ಕಾರ್ಡ್ ತಂಡದ ಹಿರಿಯರ ಬಳಿ ಇರಲಿ.

ಆಟದ ತಯಾರಿ

ಅಲ್ಲಿನ ಮೈದಾನಗಳಲ್ಲಿ ಬಹಳಷ್ಟು ಕೃತಕ ಹುಲ್ಲಿನವು. ಮಣ್ಣಿನ ಮೈದಾನದಲ್ಲಿ ಬೆಳೆದ ಮಗುವಿಗೆ ಅಲ್ಲಿ ಚೆಂಡು ಬೇಗ ಓಡುತ್ತದೆ, ಪುಟಿತ ಕರಾರುವಾಕ್ಕಾಗಿರುತ್ತದೆ, ಜಾರಿ ಬಿದ್ದರೆ ಮೊಣಕಾಲಿನ ಚರ್ಮ ಸುಲಿಯುತ್ತದೆ. ಜನವರಿಯಿಂದ ವಾರಕ್ಕೊಮ್ಮೆಯಾದರೂ ಟರ್ಫ್ ಬಾಡಿಗೆಗೆ ಹಿಡಿದು ಅಭ್ಯಾಸ ಮಾಡಿಸಿ. ಲೋಹದ ಮೊಳೆಯ ಬೂಟು ಬೇಡ, ಅಚ್ಚಿನ ರಬ್ಬರ್ ಸ್ಟಡ್ ಇರುವುದು ಸಾಕು. ಪ್ರಯಾಣಕ್ಕೆಂದು ಹೊಸ ಬೂಟು ಕೊಂಡರೆ ಊರಿನಲ್ಲೇ ಒಂದು ತಿಂಗಳು ಹಾಕಿ ಆಡಿಸಿ. ಶಿನ್ ಗಾರ್ಡ್ ಕಡ್ಡಾಯ. ಎರಡು ಬಣ್ಣದ ಜೆರ್ಸಿ ಸೆಟ್ ಇರಲಿ.

ಗುಂಪು ಹಂತದಲ್ಲಿ ಸಾಮಾನ್ಯವಾಗಿ ನಾಲ್ಕು ತಂಡಗಳು. ಮೊದಲೆರಡು ಸ್ಥಾನದವರು "ಎ" ನಾಕೌಟ್‌ಗೆ, ಉಳಿದವರು "ಬಿ" ನಾಕೌಟ್‌ಗೆ ಹೋಗುತ್ತಾರೆ. ಮೂರೂ ಪಂದ್ಯ ಸೋತ ತಂಡಕ್ಕೂ ಮುಂದೆ ಒಂದು ಹೊಸ ಆರಂಭವಿರುತ್ತದೆ. ಇದನ್ನು ಹೊರಡುವ ಮೊದಲೇ ಮಕ್ಕಳಿಗೆ ತಿಳಿಸಿ. ಮೊದಲ ಪಂದ್ಯದಲ್ಲಿ ದೊಡ್ಡ ಅಂತರದಿಂದ ಸೋಲುವುದು ಹೊಸ ತಂಡಗಳಿಗೆ ಅಪರೂಪವೇನಲ್ಲ. ಆ ರಾತ್ರಿ ಕೋಚ್ ಆಡುವ ಮಾತೇ ಮುಂದಿನ ಪಂದ್ಯಗಳನ್ನು ತೀರ್ಮಾನಿಸುತ್ತದೆ. ಹದಿನಾರು ಹದಿನೆಂಟು ಜನರನ್ನು ಕರೆದೊಯ್ದು ಹನ್ನೊಂದು ಜನರನ್ನೇ ಆಡಿಸುವ ಕೋಚ್ ಈ ಪ್ರಯಾಣಕ್ಕೆ ತಕ್ಕವರಲ್ಲ.

ಚೀಲದಲ್ಲಿ ಏನಿರಬೇಕು

ಗಾಳಿ ತುಂಬುವ ಹಾಸಿಗೆ ಮತ್ತು ಪಂಪು, ತೆಳು ಹೊದಿಕೆ, ಮಳೆಯಂಗಿ, ಒಂದು ಸ್ವೆಟರ್. ಜುಲೈನಲ್ಲೂ ಉಷ್ಣಾಂಶ ಇಪ್ಪತ್ತು ಡಿಗ್ರಿಯ ಆಸುಪಾಸು. ಸೂರ್ಯ ರಾತ್ರಿ ಹತ್ತರ ಹೊತ್ತಿಗೆ ಮುಳುಗಿ ಬೆಳಗಿನ ಜಾವ ನಾಲ್ಕೂವರೆಗೆ ಮೂಡುತ್ತಾನೆ. ಕಣ್ಣಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ ಇಲ್ಲದಿದ್ದರೆ ಮಕ್ಕಳು ಮಲಗುವುದಿಲ್ಲ.

ತಿನಿಸಿನ ವಿಷಯದಲ್ಲಿ ಅಜ್ಜಿಯಂದಿರನ್ನು ಒಪ್ಪಿಸುವುದು ಕಷ್ಟ, ಆದರೂ ಹೇಳಲೇಬೇಕು. ಯುರೋಪ್ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪದ ಡಬ್ಬಿ, ಪೇಡ ಬೇಡ. ಮಾವಿನಹಣ್ಣು, ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಂದರೆ ಅವೂ ಬೇಡ. ಚಟ್ನಿಪುಡಿ, ಅವಲಕ್ಕಿ, ಹುರಿಹಿಟ್ಟು, ಕಡಲೆಕಾಯಿ ಚಿಕ್ಕಿ, ಉಪ್ಪಿನಕಾಯಿ ಧಾರಾಳವಾಗಿ ಹೋಗಲಿ. ಉಪ್ಪಿನಕಾಯಿ ಮಾತ್ರ ದೊಡ್ಡ ಚೀಲದಲ್ಲಿ, ಎರಡು ಪ್ಲಾಸ್ಟಿಕ್ ಸುತ್ತಿ. ಸಸ್ಯಾಹಾರಿಗಳ ಸಂಖ್ಯೆಯನ್ನು ನೋಂದಣಿಯಲ್ಲೇ ತಿಳಿಸಿ. ಶಾಲೆಯ ಊಟದ ಮನೆಯಲ್ಲಿ ಬ್ರೆಡ್ಡು, ಮೊಸರು, ಪಾಸ್ತಾ, ಆಲೂಗಡ್ಡೆ ಇದ್ದೇ ಇರುತ್ತವೆ. ಅದರ ಮೇಲೆ ಒಂದು ಚಮಚ ಚಟ್ನಿಪುಡಿ ಬಿದ್ದರೆ ತಟ್ಟೆ ಖಾಲಿ. ನಲ್ಲಿ ನೀರು ನೇರವಾಗಿ ಕುಡಿಯಬಹುದು, ಬಾಟಲಿ ಕೊಳ್ಳಬೇಡಿ.

ಅಲ್ಲಿ ತಲುಪಿದ ಮೇಲೆ

ಊರಿನಲ್ಲಿ ಟ್ರಾಮ್ ಸಂಚಾರ ಚೆನ್ನಾಗಿದೆ. ಟೂರ್ನಿಯ ಕಾರ್ಡ್‌ನಲ್ಲಿ ಟ್ರಾಮ್, ಬಸ್ ಪ್ರಯಾಣ ಸೇರಿರುತ್ತದೆ. ನಗರದ ನಡುವಿನ ಹೇಡನ್ ಬಯಲು ಎಲ್ಲದರ ಕೇಂದ್ರ. ಪ್ರತಿ ಮಗುವಿನ ಜೇಬಿನಲ್ಲಿ ವಸತಿ ಶಾಲೆಯ ಹೆಸರು, ತಂಡದ ಹಿರಿಯರ ಫೋನ್ ಸಂಖ್ಯೆ ಬರೆದ ಚೀಟಿ ಇರಲಿ. ಟ್ರಾಮ್‌ನಲ್ಲಿ ಯಾರಾದರೂ ಉಳಿದುಹೋದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು ಎಂಬ ಒಂದೇ ನಿಯಮ ಕಲಿಸಿ. ತುರ್ತು ಸಂಖ್ಯೆ 112. ಅಷ್ಟೇನೂ ತುರ್ತಲ್ಲದ ವೈದ್ಯಕೀಯ ಸಲಹೆಗೆ 1177. ಪಾಸ್‌ಪೋರ್ಟ್‌ಗಳು ಒಬ್ಬ ಹಿರಿಯರ ಬಳಿ, ಪ್ರತಿಗಳು ಇನ್ನೊಬ್ಬರ ಬಳಿ. ಹುಡುಗಿಯರ ತಂಡಕ್ಕೆ ಮಹಿಳಾ ಸಿಬ್ಬಂದಿ ಇರಲೇಬೇಕು. ಹುಡುಗರ ತಂಡದಲ್ಲೂ ಒಬ್ಬ ಹಿರಿಯರು ಒಂದೇ ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಇರಬಾರದು.

ಕೋಚ್‌ಗಳಿಗೆ ಒಂದು ಮಾತು. ಮಕ್ಕಳ ಮೇಲೆ ಕೈಮಾಡುವುದನ್ನು ಜಗತ್ತಿನಲ್ಲೇ ಮೊದಲು ಕಾನೂನಿನ ಮೂಲಕ ನಿಷೇಧಿಸಿದ ದೇಶ ಸ್ವೀಡನ್, 1979ರಲ್ಲಿ. ನಮ್ಮ ಮೈದಾನಗಳಲ್ಲಿ ತಪ್ಪು ಪಾಸ್ ಕೊಟ್ಟವನ ತಲೆಗೆ ಮೊಟಕುವುದು, ಕಿವಿ ಹಿಂಡುವುದು ಇನ್ನೂ ನಡೆದೇ ಇದೆ. ಅಲ್ಲಿ ಅದನ್ನು ಕಂಡವರು ಪೊಲೀಸರನ್ನು ಕರೆಯುತ್ತಾರೆ. ಹೋಗುವ ಮೊದಲೇ ಆ ಅಭ್ಯಾಸ ಬಿಡಿ, ಬಂದ ಮೇಲೆ ಮತ್ತೆ ಹಿಡಿಯಬೇಡಿ. ರೆಫರಿಗಳ ಮೇಲೆ ಕೂಗಾಡುವುದೂ ಬೇಡ. ಅವರಲ್ಲಿ ಅನೇಕರು ಎಳೆಯರು.

ಇನ್ನೊಂದು ಅಪಾಯ ನೀರಿನದು. ಬೇಸಿಗೆಯಲ್ಲಿ ಊರವರೆಲ್ಲ ಕೆರೆ, ಕಡಲಿಗೆ ಇಳಿಯುತ್ತಾರೆ, ನಮ್ಮ ಮಕ್ಕಳಿಗೂ ಆಸೆಯಾಗುತ್ತದೆ. ಈಜು ಬಾರದವರು ಇಳಿಯಲೇಬಾರದು, ಬರುವವರೂ ಹಿರಿಯರು ದಡದಲ್ಲಿದ್ದಾಗ ಮಾತ್ರ. ಆ ನೀರು ಜುಲೈನಲ್ಲೂ ಕೊರೆಯುತ್ತದೆ.

ಉದ್ಘಾಟನೆ ನಡೆಯುವ ಉಲ್ಲೇವಿ ಕ್ರೀಡಾಂಗಣಕ್ಕೆ ಮಕ್ಕಳನ್ನು ಕರೆದೊಯ್ಯುವ ಮೊದಲು ಅದರ ಕಥೆ ಹೇಳಿ. 1958ರ ವಿಶ್ವಕಪ್‌ನಲ್ಲಿ ಹದಿನೇಳರ ಪೆಲೆ ತನ್ನ ಮೊದಲ ವಿಶ್ವಕಪ್ ಪಂದ್ಯ ಆಡಿದ್ದು ಇಲ್ಲಿ, ಜೂನ್ 15ರಂದು, ಸೋವಿಯತ್ ಒಕ್ಕೂಟದ ವಿರುದ್ಧ. ಬ್ರೆಜಿಲ್‌ನ ಇನ್ನೊಬ್ಬ ತಾರೆ ಗಾರಿಂಚಾ ಕೂಡ ಅದೇ ಪಂದ್ಯದಲ್ಲಿ ಮೊದಲ ಸಲ ಇಳಿದರು. ನಾಲ್ಕು ದಿನಗಳ ನಂತರ ವೇಲ್ಸ್ ವಿರುದ್ಧ ಪೆಲೆಯ ಮೊದಲ ವಿಶ್ವಕಪ್ ಗೋಲು ಬಿದ್ದದ್ದೂ ಇದೇ ಅಂಗಳದಲ್ಲಿ. ಹದಿನೈದರ ಹುಡುಗನಿಗೆ ಹದಿನೇಳು ಬಹಳ ದೂರವೇನಲ್ಲ.

ಪಂದ್ಯವಿಲ್ಲದ ದಿನಕ್ಕೆ ದುಬಾರಿ ಪ್ರವಾಸ ಬೇಕಿಲ್ಲ. ಟ್ರಾಮ್ ಹಿಡಿದು ಸಾಲ್ಟ್‌ಹೋಲ್ಮೆನ್‌ಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ದಕ್ಷಿಣದ ದ್ವೀಪಗಳಿಗೆ ಹೋಗಬಹುದು. ಆ ದೋಣಿಗಳೂ ಊರಿನ ಸಾರಿಗೆಯ ಭಾಗವೇ. ಬ್ರೆನ್ನೊ, ಸ್ಟಿರ್ಸೊ ದ್ವೀಪಗಳಲ್ಲಿ ಕಾರುಗಳಿಲ್ಲ, ಬಂಡೆಗಳ ಮೇಲೆ ಕೂತು ಬುತ್ತಿ ಬಿಚ್ಚಬಹುದು. 1923ರಿಂದ ಇರುವ ಲಿಸೆಬರ್ಗ್ ಮನರಂಜನಾ ಉದ್ಯಾನಕ್ಕೆ ಮಕ್ಕಳು ಹಟ ಹಿಡಿಯುತ್ತಾರೆ. ಅದನ್ನು ಕೊನೆಯ ದಿನಕ್ಕಿಡಿ, ಪಂದ್ಯಕ್ಕೆ ಮೊದಲಿನ ದಿನ ಬೇಡ.

ಮರಳಿದ ಮೇಲೆ

ಬಂದ ವಾರದಲ್ಲೇ ತಪ್ಪಿದ ಪಾಠಗಳಿಗೆ ಶಾಲೆಯಲ್ಲಿ ಹೆಚ್ಚುವರಿ ತರಗತಿ ಏರ್ಪಡಿಸಿ. ಮುಂದಿನ ವರ್ಷ ಮುಖ್ಯೋಪಾಧ್ಯಾಯರು ರಜೆ ಕೊಡುವುದು ಇದರ ಮೇಲೆ ನಿಂತಿರುತ್ತದೆ. ಖರ್ಚಿನ ಪೂರ್ತಿ ಲೆಕ್ಕವನ್ನು ರಸೀದಿ ಸಮೇತ ಪೋಷಕರ ಮುಂದಿಡಿ, ಪ್ರಾಯೋಜಕರಿಗೂ ಕಳುಹಿಸಿ. ಕಡಿತವಾದ ಟಿಸಿಎಸ್ ಮೊತ್ತವನ್ನು ಆದಾಯ ತೆರಿಗೆ ವಿವರದಲ್ಲಿ ತೋರಿಸಿ ಹೊಂದಿಸಿಕೊಳ್ಳಲು ಪೋಷಕರಿಗೆ ನೆನಪಿಸಿ. ಷೆಂಗೆನ್ ವೀಸಾಕ್ಕೆ ಕೊಟ್ಟ ಬೆರಳಚ್ಚನ್ನು 59 ತಿಂಗಳವರೆಗೆ ಮತ್ತೆ ಬಳಸಬಹುದು. ಹಾಗಾಗಿ ಪ್ರತಿ ಮಗುವಿನ ವೀಸಾ ಪುಟದ ಪ್ರತಿಯನ್ನು ತಂಡದ ಕಡತದಲ್ಲಿ ತೆಗೆದಿಡಿ. ಮುಂದಿನ ಅರ್ಜಿಯಲ್ಲಿ ಆ ವೀಸಾ ಸಂಖ್ಯೆಯನ್ನು ಕೇಳುತ್ತಾರೆ.